ರಾಡಾರಿನ ಕಣ್ಣು ತಪ್ಪಿಸಿದ ತಿಂಗಳು

ಮಾಣಿಕನಗರ, ಹುಮನಾಬಾದ
4 ಏಪ್ರಿಲ್ 1999

ಅಣ್ಣಾ, ಶರಣು.

ನೀನು ಹೇಳಿದಂತೆ ವಿಳಾಸದಲ್ಲಿ ಊರಿನ ಹೆಸರಿಲ್ಲ. ನಿನ್ನ ಹೆಸರು, ನಂಬರು, ಕೆಳಗೆ ಸೈನ್ಯದ ಅಂಚೆಯ 56 ಎ.ಪಿ.ಓ. ಅಷ್ಟೇ. ಪೋಸ್ಟಿನ ಮಡೆಪ್ಪ ಪ್ರತಿ ಸಲ ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ. "ಅಕ್ಕೋರ, ಸತೀಶಣ್ಣ ವಾಯುಸೇನಾದಾಗ ಅದಾನ, ಖರೇ. ಆದ್ರ ಊರೇ ಇಲ್ಲದ ಊರಿಗೆ ಕಾಗದ ಹ್ಯಾಂಗ ಮುಟ್ಟತದ್ರಿ?" ಎನ್ನುತ್ತಾನೆ. ಮುಟ್ಟುತ್ತದೆ, ಉತ್ತರ ಮಾತ್ರ ಬರುವುದಿಲ್ಲ ಎಂದೆ. ಚುಚ್ಚಿದ್ದು ನಿನಗೇ.

ಈಗ ಕೆಲಸದ ಮಾತು. ಯುಗೊಸ್ಲಾವಿಯದ ಯುದ್ಧದಲ್ಲಿ ರಾಡಾರಿಗೆ ಕಾಣದ ವಿಮಾನವೊಂದನ್ನು ಹೊಡೆದು ಬೀಳಿಸಿದರು ಎಂದು ಪೇಪರಿನಲ್ಲಿ ಬಂದಿತ್ತಲ್ಲ, ನನ್ನ ಒಂಬತ್ತನೇ ಕ್ಲಾಸಿಗೆ ಅದೇ ಹುಚ್ಚು ಹಿಡಿದಿದೆ. ಬೀದರಿನ ತರಬೇತಿ ವಿಮಾನಗಳು ದಿನಾ ತಲೆಯ ಮೇಲೆ ಗುಡುಗುವ ಊರು ಇದು. ಕಾಣದೆ ಹಾರುವುದು ಹೇಗೆ ಎಂದು ಇಡೀ ಕ್ಲಾಸು ಕೇಳುತ್ತದೆ. ಪೂನಂ ಎಂಬ ಹುಡುಗಿಯದು ಇನ್ನೂ ಮುಂದಿನ ಪ್ರಶ್ನೆ: "ಕಾಣಂಗಿಲ್ಲ ಅಂದ್ರ ಹೊಡೆದದ್ದು ಹ್ಯಾಂಗ್ರಿ ಟೀಚರ್?" ನಾನು ವಿಜ್ಞಾನದ ಟೀಚರು, ಆಮೇಲೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ನಮ್ಮ ಗಣಿತದ ಮಾಸ್ತರು ಸಂಘಪಾಲ ಅವರು, ಕಪ್ಪು ಬಣ್ಣ ಬಳಿದಿರುತ್ತಾರೆ, ಅದಕ್ಕೇ ಕಾಣುವುದಿಲ್ಲ ಎಂದರು. ನಾನು ಒಪ್ಪಲಿಲ್ಲ. ಸಂಘಪಾಲ ಅವರ ಸಂಗಡ ಚಹದ ಪಂದ್ಯ ಕಟ್ಟಿದ್ದೇನೆ. ಸಂಘಪಾಲ ಅವರು ಯಾವುದನ್ನೂ ಸುಲಭಕ್ಕೆ ಬಿಟ್ಟುಕೊಡುವವರಲ್ಲ. ರಾಡಾರ್ ಕೆಲಸದ ಅಣ್ಣನಿದ್ದೂ ನಾನು ಸೋತರೆ ನಿನ್ನ ಮರ್ಯಾದೆಯೇ ಹೋಗುತ್ತದೆ.

ಶನಿವಾರ ಕಲ್ಯಾಣಕ್ಕೆ, ಮನೆಗೆ ಹೋಗಿದ್ದೆ. ಅವ್ವ ಚೆನ್ನಾಗಿದ್ದಾಳೆ. ಹುಮನಾಬಾದ ರಸ್ತೆಯ ನಮ್ಮ ಪ್ಲಾಟನ್ನು ಕಾಶಿರಾಮ ಸೇಠರಿಗೆ ಮಾರುವುದೆಂದು ಅಪ್ಪ ನಿಶ್ಚಯಿಸಿದ್ದಾನೆ. ಗಣೇಶ ಚೌತಿಯ ಹೊತ್ತಿಗೆ ರಜಿಸ್ಟ್ರಿಯಂತೆ. ಓಡಾಟಕ್ಕೆಲ್ಲ ಕಾಕಾನ ಮಗ ಸಂಜೀವ ಇದ್ದಾನೆ.

ನಿನ್ನ ತಂಗಿ,
ಮನೀಷಾ

56 ಎ.ಪಿ.ಓ.
22 ಏಪ್ರಿಲ್ 1999

ಮನೀಷಾ,

ನನ್ನ ಕೆಲಸದ ಬಗ್ಗೆ ಒಂದಕ್ಷರವನ್ನೂ ಬರೆಯುವಂತಿಲ್ಲ. ಯಾರು ಬೇಕಾದರೂ ಪತ್ರಿಕೆಯಲ್ಲಿ ಓದಬಹುದಾದಷ್ಟನ್ನೇ ಬರೆಯುತ್ತೇನೆ.

ಚಿಕ್ಕಂದಿನಲ್ಲಿ ಕಲ್ಯಾಣದ ಕೋಟೆಯ ಗೋಡೆಗೆ ಎದುರು ನಿಂತು ಕೂಗುತ್ತಿದ್ದೆವಲ್ಲ, ರಾಡಾರ್ ಅಂದರೆ ಅದೇ. ರೇಡಿಯೋ ಅಲೆಯನ್ನು ಕಳಿಸಿ, ಅದು ಬಡಿದು ಮರಳುವುದನ್ನು ಕಾಯುತ್ತದೆ. ಗೋಡೆ ನೇರ ಎದುರಿಗಿದ್ದರೆ ಕೂಗು ನಮಗೇ ಮರಳುತ್ತದೆ. ಗೋಡೆ ಓರೆಯಾಗಿದ್ದರೆ? ಕೂಗು ಎಲ್ಲೋ ಹೋಗುತ್ತದೆ, ನಮಗೆ ಕೇಳುವುದಿಲ್ಲ. ಆ ವಿಮಾನದ ಮೈಯನ್ನು ಅದಕ್ಕೇ ಓರೆ ಓರೆಯಾಗಿ ಕಟ್ಟಿರುತ್ತಾರೆ. ಬಂದ ಅಲೆ ಕಳಿಸಿದವನೊಬ್ಬನನ್ನು ಬಿಟ್ಟು ಉಳಿದ ಕಡೆಗೆಲ್ಲ ಚದುರುತ್ತದೆ. ಉಳಿದ ಚೂರುಪಾರನ್ನು ಮೈಗೆ ಬಳಿದ ವಿಶೇಷ ಲೇಪ ಹೀರಿಕೊಳ್ಳುತ್ತದೆ. ತಿರುಗುವ ಎಂಜಿನ್ ಬಹಳ ಜೋರಾಗಿ ಮಾರುದನಿ ಕೊಡುತ್ತದೆ, ಆದ್ದರಿಂದ ಅದರ ಬಾಯಿಗೆ ಜಾಲರಿಯ ಮರೆ. ಶಾಖವನ್ನು ಹುಡುಕುವವರೂ ಇರುತ್ತಾರೆ, ಆದ್ದರಿಂದ ಬಿಸಿ ಹೊಗೆಯನ್ನು ಅಗಲಕ್ಕೆ ಹರಡಿ ತಂಪು ಮಾಡಿ ಬಿಡುತ್ತಾರೆ. ಬಾಂಬುಗಳನ್ನು ರೆಕ್ಕೆಗೆ ನೇತುಹಾಕದೆ ಹೊಟ್ಟೆಯೊಳಗೆ ಇಡುತ್ತಾರೆ. ತಾನಾಗಿ ರೇಡಿಯೋ ಮಾತಾಡುವುದಿಲ್ಲ. ರಾಡಾರ್‌ಗಳು ಎಲ್ಲೆಲ್ಲಿವೆ ಎಂದು ಮೊದಲೇ ತಿಳಿದು, ಅವುಗಳ ನಡುವೆ ದಾರಿ ಮಾಡಿಕೊಳ್ಳುತ್ತದೆ.

ಇಷ್ಟಾದರೂ ಅದು ಪೂರ್ತಿ ಮಾಯವಾಗುವುದಿಲ್ಲ ಎಂದು ಪೂನಂಗೆ ಹೇಳು. ಅಷ್ಟು ದೊಡ್ಡ ವಿಮಾನ ಒಂದು ಹಕ್ಕಿಯಷ್ಟಾಗಿ ಗದ್ದಲದಲ್ಲಿ ಕಳೆದುಹೋಗುತ್ತದೆ, ಅಷ್ಟೇ. ಬಾಂಬು ಹಾಕಲು ಹೊಟ್ಟೆಯ ಬಾಗಿಲು ತೆರೆದ ಗಳಿಗೆಯಲ್ಲಿ ಆ ಓರೆಯೆಲ್ಲ ಕೆಡುತ್ತದೆ, ಆಗ ಕಾಣುತ್ತದೆ. ಉದ್ದ ಅಲೆಯ ಹಳೇ ಕಾಲದ ರಾಡಾರ್‌ಗಳಿಗೂ ಒಂದಿಷ್ಟು ಸುಳಿವು ಸಿಗುತ್ತದೆ ಎನ್ನುತ್ತಾರೆ.

ಕಪ್ಪು ಬಣ್ಣ ರಾತ್ರಿ ಮನುಷ್ಯರ ಕಣ್ಣಿಗೆ ಮಾತ್ರ. ಬಳಿಯುವ ಮಾತು ಅರ್ಧ ಸರಿ, ನಿಮ್ಮ ಮಾಸ್ತರಿಗೆ ಅರ್ಧ ಕಪ್ ಚಹ ಕುಡಿಸು. ಒಂದೇ ಕಾಗದದಲ್ಲಿ ಅವರ ಹೆಸರು ಇಷ್ಟು ಸಲ ಬರಬೇಕಾದ ಕಾರಣವೇನೋ ತಿಳಿಯಲಿಲ್ಲ.

ಸತೀಶ

ಮಾಣಿಕನಗರ
20 ಜೂನ್ 1999

ಅಣ್ಣಾ,

ನೀನು ಕಾಗದ ಬರೆದು ಎರಡು ತಿಂಗಳಾಗುತ್ತ ಬಂತು. ಕಾರ್ಗಿಲ್ಲಿನ ಸುದ್ದಿ ಬಂದಾಗಿನಿಂದ ಅವ್ವ ರೇಡಿಯೋ ಬಿಟ್ಟು ಏಳುತ್ತಿಲ್ಲ. ವಾಯುಸೇನೆ ಎಂಬ ಮಾತು ಬಂದರೆ ಸಾಕು, ಕೈಯಲ್ಲಿದ್ದದ್ದನ್ನು ಅಲ್ಲೇ ಇಡುತ್ತಾಳೆ. "ರಾಡಾರದವರು ವಿಮಾನದಾಗ ಕೂಡಂಗಿಲ್ಲವ್ವ" ಎಂದು ನಾನು ಹೇಳಿದರೆ, "ಹಂಗಾರ ಕಾಗದ ಯಾಕ ಬರವಲ್ದು?" ಎನ್ನುತ್ತಾಳೆ. ನನಗೂ ಹೆದರಿಕೆಯಾಗಿದೆ ಅಣ್ಣಾ. ಒಂದು ಗೆರೆ ಬರೆದರೂ ಸಾಕು.

ಶಾಲೆ ಶುರುವಾಯಿತು. ಹೊಲದಲ್ಲಿ ಹೆಸರು, ಉದ್ದು ಬಿತ್ತಿದ್ದಾರೆ. ಸಂಜೀವ ಹೊಸ ಮೋಟರ್ ಸೈಕಲ್ ಕೊಂಡು ಕಲ್ಯಾಣದಿಂದ ಹುಮನಾಬಾದದವರೆಗೆ ಸುಮ್ಮಸುಮ್ಮನೆ ತಿರುಗಾಡುತ್ತಾನೆ. ನನ್ನ ಮನೆಯ ಒಡತಿ ಮೀರಾಬಾಯಿ ನಿನ್ನ ಹೆಸರಿನಲ್ಲಿ ಮಾಣಿಕಪ್ರಭುಗಳಿಗೆ ಹರಕೆ ಹೊತ್ತಿದ್ದಾಳೆ. ಬೇರೆ ವಿಶೇಷವಿಲ್ಲ.

ಮಕ್ಕಳು ಒಂದು ಪ್ರಶ್ನೆ ಕೇಳಿದ್ದಾರೆ. ಅಷ್ಟೆಲ್ಲ ಎಚ್ಚರ ವಹಿಸಿದ ವಿಮಾನ ಬಾಗಿಲು ತೆರೆಯಲೇಬೇಕಾದ ಹೊತ್ತು ಬಂದಾಗ ಏನು ಮಾಡುತ್ತದೆ? ತೆರೆದ ಬಾಗಿಲು ಬಹಳ ಹೊತ್ತು ಹಾಗೇ ಇರಬೇಕಾದರೆ?

ಮನೀಷಾ

56 ಎ.ಪಿ.ಓ.
30 ಜುಲೈ 1999

ಮನೀಷಾ,

ಚೆನ್ನಾಗಿದ್ದೇನೆ. ಜೂನಿನದೂ ಆಮೇಲಿನ ಎರಡೂ ಸೇರಿ ನಿನ್ನ ಮೂರು ಕಾಗದಗಳೂ ಒಟ್ಟಿಗೇ ಸಿಕ್ಕವು. ಎಲ್ಲಿದ್ದೆ, ಏನು ಮಾಡಿದೆ ಎಂದು ಕೇಳಬೇಡ. ಪರದೆಯ ಮುಂದೆ ಕೂತು ಕೂತು ಈಗ ಕಣ್ಣು ಮುಚ್ಚಿದರೂ ಹಸಿರು ಚುಕ್ಕೆಗಳೇ ಕಾಣುತ್ತವೆ. ಅವ್ವನಿಗೆ ಬೇರೆ ಕಾಗದ ಹಾಕಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ: ಬೇಗ ತೆರೆದು ಬೇಗ ಮುಚ್ಚುತ್ತದೆ. ಬಹಳ ಹೊತ್ತು ತೆರೆದಿಡುವ ವಿಮಾನ ಯಾವುದೂ ಇಲ್ಲ. ಇದು ಮಕ್ಕಳು ಕೇಳುವ ಪ್ರಶ್ನೆಯಲ್ಲ ಮನೀಷಾ.

ನಾನು ದಿನವೆಲ್ಲ ಮಾಡುವ ಕೆಲಸವೇ ಇದು. ಮೊದಲು ಇದ್ದು ಈಗ ಇಲ್ಲದ್ದು ಏನು ಎಂದು ನೋಡುವುದು. ಏಪ್ರಿಲ್‌ನ ಕಾಗದದಲ್ಲಿ ಹೆಜ್ಜೆಗೊಮ್ಮೆ ಸಂಘಪಾಲ ಇದ್ದರು. ಈ ಮೂರರಲ್ಲಿ ಅವರ ಸುಳಿವೇ ಇಲ್ಲ. ಶಾಲೆ ಬಿಟ್ಟು ಹೋದರೇ? ಹಾಗಿದ್ದರೆ ಹೋದರು ಎಂದು ನೀನು ಬರೆಯುತ್ತಿದ್ದೆ. ಸುತ್ತು ಬಳಸಿ ಹೇಳಬೇಡ. ಏನು ನಡೆದಿದೆ?

ಸತೀಶ

ಮಾಣಿಕನಗರ
18 ಆಗಸ್ಟ್ 1999

ಅಣ್ಣಾ,

ಬರೆಯಲೋ ಬೇಡವೋ ಎಂದು ತಿಣುಕಾಡುತ್ತ ಕೂತಿದ್ದೆ. ನೀನು ಕಂಡುಹಿಡಿದೆ. ನಿನ್ನ ಕೈಗೆ ಸಿಕ್ಕ ಮೇಲೆ ಓಡಲು ಜಾಗವೆಲ್ಲಿ?

ನಾನು ಸಂಘಪಾಲ ಅವರನ್ನು ಮದುವೆಯಾಗುತ್ತೇನೆ. ಹುಲಸೂರಿನವರು. ತಂದೆ ದಿಗಂಬರ, ತಾಯಿ ಕಾಂತಾಬಾಯಿ, ಇಬ್ಬರೂ ಕಂಡವರ ಹೊಲದಲ್ಲಿ ದುಡಿದು ಮಗನನ್ನು ಓದಿಸಿದವರು. ಮನೆಯಲ್ಲಿ ಬುದ್ಧನ ಫೋಟೋ ಇದೆ. ಯಾವ ಮಂದಿ ಎಂದು ನೀನು ಕೇಳುವ ಮೊದಲೇ ಹೇಳಿದ್ದೇನೆ.

ಜೂನಿನಲ್ಲಿ ಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಸಂಘಪಾಲ ಅವರನ್ನು ಸಂಜೀವ ಅಡ್ಡಹಾಕಿದ. "ನಮ್ಮ ಹುಡುಗಿ ಸಂಗಡ ಮತ್ತೊಮ್ಮೆ ಕಂಡರ ಕಾಲ್ ಮುರೀತೀನಿ" ಎಂದು ಕಾಲರ್ ಹಿಡಿದನಂತೆ. ಅವನ ಹಿಂದೆ ನಾಲ್ಕಾರು ಮಂದಿ ಇದ್ದರು. ಅಪ್ಪನಿಗೆ ಅವನು ಇನ್ನೂ ಹೇಳಿಲ್ಲ, ತಾನೇ ಬಗೆಹರಿಸುತ್ತೇನೆಂಬ ಹುರುಪು ಅವನಿಗೆ. ಅಂದಿನಿಂದ ನಾವಿಬ್ಬರೂ ಶಾಲೆಯಲ್ಲಿ ಮಾತಾಡುವುದಿಲ್ಲ, ಒಂದೇ ಬಸ್ಸು ಹತ್ತುವುದಿಲ್ಲ. ನಿನ್ನ ಕಾಗದದಲ್ಲಿದ್ದದ್ದನ್ನೆಲ್ಲ ಮಾಡಿದೆವು ಎಂದರೆ ನಗಬೇಡ.

ಆದರೆ ರಜಿಸ್ಟರ್ ಮದುವೆಗೆ ಒಂದು ತಿಂಗಳ ನೋಟಿಸು ಕೊಡಬೇಕು. ಇಬ್ಬರ ಹೆಸರು, ವಿಳಾಸ ಬರೆದು ಕಚೇರಿಯ ಬೋರ್ಡಿಗೆ ಹಚ್ಚುತ್ತಾರೆ. ಆ ತಿಂಗಳೊಳಗೆ ಸಂಜೀವನ ಕಣ್ಣಿಗೆ ಬಿದ್ದರೆ ನನ್ನನ್ನು ಎತ್ತಿಕೊಂಡು ಹೋಗಿ ಕೂಡಿಹಾಕುತ್ತಾನೆ. ಅವರನ್ನು ಏನು ಮಾಡುತ್ತಾನೋ ನೆನೆಸಲಾರೆ. ಆದ್ದರಿಂದ ಕಲ್ಯಾಣ ಬಿಟ್ಟು ಇಲ್ಲಿ ಹುಮನಾಬಾದದಲ್ಲಿ ಮೊನ್ನೆ ಕೊಟ್ಟೆವು. ಇಲ್ಲಿನ ಬೋರ್ಡು ಬಾಗಿಲ ಹಿಂದೆ ಇದೆ. ನಮ್ಮ ಮನೆಯವರು ಯಾರೂ ಈ ಕಚೇರಿಗೆ ಬರುವುದಿಲ್ಲ. ತಿಂಗಳು ಕಳೆದರೆ ಗೆದ್ದೆವು.

ಬೈಯುವುದಾದರೆ ಬೈ. ಮನೆಗೆ ಮಾತ್ರ ಬರೆಯಬೇಡ, ನಿನ್ನ ಕಾಲು ಹಿಡಿಯುತ್ತೇನೆ.

ಮನೀಷಾ

(ಪೋಸ್ಟ್ ಕಾರ್ಡು)
56 ಎ.ಪಿ.ಓ.
29 ಆಗಸ್ಟ್ 1999

ಮನೀಷಾ, ಕಾಗದ ಮುಟ್ಟಿತು. ವಿಷಯ ತಿಳಿಯಿತು. ಇನ್ನೊಂದು ತಿಂಗಳು ಕಲ್ಯಾಣಕ್ಕೆ ಹೋಗಬೇಡ. ಸತೀಶ.

ಮಾಣಿಕನಗರ
12 ಸೆಪ್ಟೆಂಬರ್ 1999

ಸತೀಶಣ್ಣನವರಿಗೆ,

ನಿಮ್ಮ ಕಾರ್ಡು ಬಂತು. ಅಷ್ಟು ಬರೆದವಳಿಗೆ ಇಷ್ಟೇ ಉತ್ತರ. ನಾನು ಮನೆಯ ಹೊಸಿಲು ತುಳಿಯಬಾರದು ಎಂದು ನಿಮ್ಮ ಅಪ್ಪಣೆ. ಆದರೂ ನಿನ್ನೆ ಹೋದೆ. ಅಪ್ಪ ಮನುಷ್ಯನನ್ನು ಕಳಿಸಿ ಕರೆಸಿದ್ದ, ಹೋಗದಿದ್ದರೆ ಅನುಮಾನ. ಕಾರಣ ಅಲ್ಲಿ ತಿಳಿಯಿತು.

ಪ್ಲಾಟಿನಲ್ಲಿ ನಿಮ್ಮ ಪಾಲು ಬೇರೆ ಬರೆಯಬೇಕು, ನೀವು ಬಂದು ನಿಲ್ಲುವತನಕ ಯಾರೂ ರಜಿಸ್ಟ್ರಿ ಕಚೇರಿಯ ಮೆಟ್ಟಿಲು ಹತ್ತಬಾರದು, ಹತ್ತಿದರೆ ವಕೀಲರ ನೋಟಿಸು ಕಳಿಸುತ್ತೇನೆ ಎಂದು ಅಪ್ಪನಿಗೆ ಬರೆದಿದ್ದೀರಂತೆ. ಕಾಗದವನ್ನು ಸಂಜೀವನೇ ಗಟ್ಟಿಯಾಗಿ ಓದಿದನಂತೆ. ಹೆತ್ತ ಅಪ್ಪನಿಗೆ ವಕೀಲರ ನೋಟಿಸು! ನನ್ನ ಕಥೆ ಕೇಳಿದ ಕೂಡಲೇ, ಮಗಳು ಹೇಗೂ ಹೊರಗೆ ಹೋದಳು, ಇನ್ನು ಆಸ್ತಿ ನೋಡಿಕೊಳ್ಳೋಣ ಎನ್ನಿಸಿತೇ?

ಅಪ್ಪ ಅಂಗಳದಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಬೈದ. "ಇನ್ನ ಆ ಪ್ಲಾಟಿನ ಹೆಸರು ತಗದವ್ರು ನನ್ನ ಮನೀಗೆ ಬರಬ್ಯಾಡ್ರಿ. ಸಂಜೀವಾ, ನಿನಗೂ ಹೇಳಾಕತ್ತೇನಿ, ಆ ಕಚೇರಿ ಕಡೆ ಕಾಲ್ ಹಾಕಬ್ಯಾಡ" ಎಂದ. ಆಮೇಲೆ ನನ್ನನ್ನು ಕೂಡಿಸಿಕೊಂಡು ನಿಮಗೆ ಉತ್ತರ ಹೇಳಿದ. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವನು, ಅವನ ಕನ್ನಡ ಕಾಗದಗಳನ್ನೆಲ್ಲ ನಾನೇ ಅಲ್ಲವೇ ಬರೆಯುವುದು. ಅದನ್ನು ಇದರ ಸಂಗಡ ಇಟ್ಟಿದ್ದೇನೆ. ಆಸೆಬುರುಕ ಎಂಬ ಮಾತನ್ನು ಬೇಕೆಂದೇ ದಪ್ಪ ಅಕ್ಷರದಲ್ಲಿ ಬರೆದೆ. ಬರೆಸಿದ ಮೇಲೆ ಅಪ್ಪ ಕಣ್ಣೊರೆಸಿಕೊಂಡ. "ಊಟ ಮಾಡಿದಿ?" ಎಂದು ಕೇಳಿ ಒಳಗೆ ಹೋದ.

ಇನ್ನು ಮುಂದೆ ನನ್ನ ವಿಷಯ ನಿಮಗೆ ಬೇಡ.

ಮನೀಷಾ

ಹುಮನಾಬಾದ
23 ಸೆಪ್ಟೆಂಬರ್ 1999

ಅಣ್ಣಾ,

ಆ ಕಾಗದವನ್ನು ಹರಿದುಹಾಕು. ನಿನ್ನ ಕೈಗೆ ಅದು ಸಿಗದೇ ಹೋಗಲಿ ಎಂದು ಬಯಸುತ್ತೇನೆ, ಆದರೆ ಮಡೆಪ್ಪ ಅದನ್ನು ಕೊಟ್ಟ ದಿನವೇ ಚೀಲಕ್ಕೆ ಹಾಕಿದ್ದಾನೆ.

ನಿನ್ನೆ ನಮ್ಮ ಮದುವೆಯಾಯಿತು. ಮೀರಾಬಾಯಿ ಸಾಕ್ಷಿಯ ಸಹಿ ಹಾಕಿದಳು, ಶಾಲೆಯ ಇಬ್ಬರು ಹಾಕಿದರು. ಹುಲಸೂರಿನಿಂದ ಅತ್ತೆ ಮಾವ ಬಂದಿದ್ದರು. ಅತ್ತೆ ಬಾಗಿಲ ಹೊರಗೇ ನಿಂತು ರಸ್ತೆ ನೋಡುತ್ತಿದ್ದರು, ಮೋಟರ್ ಸೈಕಲ್ಲಿನ ಸಪ್ಪಳ ಕೇಳಿದಾಗಲೆಲ್ಲ ನಾನು ಬಾಗಿಲ ಕಡೆ ತಿರುಗುತ್ತಿದ್ದೆ. ಯಾರೂ ಬರಲಿಲ್ಲ.

ಸಹಿಯಾದ ಮೇಲೆ ಅಲ್ಲಿನ ಗುಮಾಸ್ತ ಅಬ್ದುಲ್ ಕರೀಂ ಅವರು ನಗುತ್ತ, "ನಿಮ್ಮ ನಸೀಬ ಛಲೋ ಅದ ಬಾಯಾರ. ನಿಮ್ಮ ಕಾಯಂ ವಿಳಾಸ ಕಲ್ಯಾಣದ್ದಲ್ಲಾ, ನೋಟಿಸಿನ ಒಂದು ನಕಲು ಅಲ್ಲೀ ಬೋರ್ಡಿಗೂ ಹೋಗಿತ್ತು. ಹದಿನೈದಿಪ್ಪತ್ತು ದಿನದಿಂದ ಅಲ್ಲೇ ತೂಗಾಕತ್ತದ. ಒಬ್ಬರೂ ತಕರಾರು ತರಲಿಲ್ಲ ನೋಡ್ರಿ" ಎಂದರು. ನಾನು ಅಲ್ಲೇ ದಿನಗಳನ್ನು ಎಣಿಸಿದೆ. ಅಪ್ಪ, ಸಂಜೀವ, ಕಾಶಿರಾಮ ಸೇಠ, ಎಲ್ಲರೂ ಚೌತಿಯ ಹೊತ್ತಿಗೆ ಪ್ಲಾಟಿನ ರಜಿಸ್ಟ್ರಿಗೆಂದು ಅದೇ ಕಚೇರಿಗೆ ಹೋಗಿ ಅದೇ ಬೋರ್ಡಿನ ಕೆಳಗೆ ಕೂಡಬೇಕಾದವರು. ಯಾಕೆ ಹೋಗಲಿಲ್ಲ? ನೀನು ಹೋಗಗೊಡಲಿಲ್ಲ.

ನಿನಗೆ ಹೇಗೆ ಗೊತ್ತಾಯಿತು? ನನಗೆ ಒಂದು ಮಾತು ಯಾಕೆ ಬರೆಯಲಿಲ್ಲ? ನಿನ್ನನ್ನು ಆಸೆಬುರುಕ ಎಂದು ಇದೇ ಕೈಯಿಂದ ಬರೆದೆ ಅಣ್ಣಾ. ನಾಚಿಕೆಯಾಗಿದೆ.

ಮನೀಷಾ

56 ಎ.ಪಿ.ಓ.
6 ಅಕ್ಟೋಬರ್ 1999

ಮನೀಷಾ,

ಮದುವೆಯಾಯಿತೆಂದು ಓದಿ ಕಾಗದವನ್ನು ಮಡಿಚಿಟ್ಟು ಹೊರಗೆ ಹೋಗಿ ನಿಂತೆ. ಒಂದು ತಿಂಗಳಿಂದ ಊಟ ರುಚಿಸುತ್ತಿರಲಿಲ್ಲ. ಇಲ್ಲಿನ ಆಕಾಶದಲ್ಲಿ ಹದ್ದು ಹಾರಿದರೂ ನನಗೆ ಗೊತ್ತಾಗುತ್ತದೆ, ಕಲ್ಯಾಣದ ಬೋರ್ಡಿನ ಮುಂದೆ ಯಾರು ನಿಂತಿದ್ದಾರೆ ಎಂಬುದು ಗೊತ್ತಾಗುವುದಿಲ್ಲ.

ನಮ್ಮಲ್ಲಿ ಕೇರಳದವನೊಬ್ಬ ಹೀಗೇ ಮದುವೆಯಾದ. ನೋಟಿಸು ಕೊಟ್ಟದ್ದು ಕೆಲಸದ ಊರಿನಲ್ಲಿ, ನಕಲು ಹೋಗಿ ನೇತಾಡಿದ್ದು ಹುಟ್ಟೂರಿನಲ್ಲಿ. ಅವನ ಮಾವ ಅದನ್ನು ಓದಿ ದೊಡ್ಡ ರಾದ್ಧಾಂತವಾಯಿತು. ನಿನ್ನ ಕಾಗದದಲ್ಲಿ ಹುಮನಾಬಾದ ಎಂದು ಕಂಡ ಕೂಡಲೇ ಅದು ನೆನಪಾಯಿತು. ನಕಲನ್ನು ತಡೆಯಲು ನನ್ನಿಂದಾಗದು, ಅದು ಕಾನೂನು. ನೋಡುವವರನ್ನು ಬೇರೆ ಕಡೆ ತಿರುಗಿಸಬಹುದಿತ್ತು. ಟಪಾಲಿನ ಗಾಡಿ ಹೊರಟು ನಿಂತಿತ್ತು. ಅಪ್ಪನ ಕಾಗದ ಬರೆದು ಮುಗಿಸುವ ಹೊತ್ತಿಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ನಿನಗೆ ಉಳಿದದ್ದು ಒಂದು ಕಾರ್ಡು. ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದುತ್ತಾರೆ, ಅದರಲ್ಲಿ ಇನ್ನೇನು ಬರೆಯಲಿ? ಆಮೇಲೆ ಬರೆದರೆ ನೀನು ಹೆದರಿ ನೋಟಿಸು ವಾಪಸು ಪಡೆಯುತ್ತೀ ಎಂದು ಸುಮ್ಮನಾದೆ.

ನನ್ನನ್ನು ದೊಡ್ಡವನನ್ನಾಗಿ ಮಾಡಬೇಡ. ನಿನ್ನ ಮೇಲೆ ಸಿಟ್ಟು ಬಂದಿತ್ತು, ಇನ್ನೂ ಸ್ವಲ್ಪ ಇದೆ. ಆದರೆ ಅವರ ಕಾಲು ಮುರಿಯುವುದು, ನೀನು ಕೋಣೆಯಲ್ಲಿ ಕೂಡುವುದು, ಇವೆರಡನ್ನು ನೆನೆಸಿಕೊಂಡಾಗ ಸಿಟ್ಟಿಗೆ ಜಾಗವಿರಲಿಲ್ಲ.

ಅಪ್ಪನಿಗೆ ಏನೂ ಹೇಳಬೇಡ. ಮಗಳು ಹೋದಳೆಂಬ ದುಃಖದ ಮೇಲೆ ಮಗ ಮೋಸ ಮಾಡಿದ ಎಂಬುದೂ ಬೇಡ. ನಾನು ಆಸೆಬುರುಕನಾಗಿಯೇ ಇರುತ್ತೇನೆ. ಅವನ ಆ ಕಾಗದವನ್ನು ಮಾತ್ರ ಮತ್ತೆ ಮತ್ತೆ ಓದುತ್ತೇನೆ. ಬಹಳ ನೋಯುತ್ತದೆ.

ಸಂಘಪಾಲ ಅವರಿಗೆ ನನ್ನ ಜೈಭೀಮ್ ತಿಳಿಸು.

ಸತೀಶ

ಹುಮನಾಬಾದ
24 ಅಕ್ಟೋಬರ್ 1999

ಅಣ್ಣಾ,

ನಿನ್ನ ಮಾತನ್ನು ಮೀರಿದ್ದೇನೆ. ಯಾಕೆಂದು ಕೇಳು.

ಮದುವೆಯ ಸುದ್ದಿ ಹೋದ ವಾರ ಕಲ್ಯಾಣಕ್ಕೆ ಮುಟ್ಟಿತು. ಸಂಜೀವ ಶಾಲೆಯ ಗೇಟಿನವರೆಗೆ ಬಂದು ಕೂಗಾಡಿದ. ಹೆಡ್ ಮಾಸ್ತರು ಮದುವೆಯ ಸರ್ಟಿಫಿಕೇಟು ತೋರಿಸಿ, ಪೊಲೀಸರನ್ನು ಕರೆಸುತ್ತೇನೆ ಎಂದ ಮೇಲೆ ಹೋದ. ಅವನ ಹೆದರಿಕೆ ಇನ್ನೂ ಇದೆ, ಇಬ್ಬರೂ ಒಟ್ಟಿಗೇ ಹೋಗಿ ಒಟ್ಟಿಗೇ ಬರುತ್ತೇವೆ.

ನಿನ್ನೆ ಮಧ್ಯಾಹ್ನ ಅಪ್ಪ ಬಂದ. ಒಬ್ಬನೇ, ಬಸ್ಸಿನಲ್ಲಿ. ಒಳಗೆ ಬಾ ಎಂದರೂ ಬರದೆ ಶಾಲೆಯ ಕಟ್ಟೆಯ ಮೇಲೆ ಕೂತ. ನನಗೆ ಕಾಲು ಹಿಡಿಯಲೂ ಹೆದರಿಕೆ. ಅಪ್ಪನೇ ಮಾತು ತೆಗೆದ.

"ನಾ ಓದಿದ್ದೆ" ಎಂದ. ಏನನ್ನು ಎಂದು ಕೇಳಿದೆ.

"ಬೋರ್ಡಿನ ಮ್ಯಾಲಿಂದು. ಸ್ಟಾಂಪ ಪೇಪರ ಕೇಳಾಕ ಒಬ್ಬನೇ ಹೋಗಿದ್ದೆ, ಸತೀಶನ ಕಾಗದ ಬರೋಕಿಂತ ಮೊದ್ಲೇ. ಕನ್ನಡದಾಗ ನನ್ನ ಹೆಸರಷ್ಟೇ ಲಗೂನ ಗುರ್ತು ಸಿಗ್ತದ ನನಗ, ಉಳಿದದ್ದು ತಡಕಾಡಬೇಕು. ಮಹಾರುದ್ರಪ್ಪ ಅಂತ ಕಂಡಿತು. ಪ್ಲಾಟಿಂದೇ ಇರಬೇಕಂತ ಒಂದೊಂದೇ ಅಕ್ಷರ ಕೂಡಿಸಿಗೋತ ನಿಂತೆ. ಬಹಳ ಹೊತ್ತು ಹಿಡೀತು. ಕಡೀಕ ನೋಡಿದ್ರ ಮುಂದ ನಿನ್ನ ಹೆಸರು, ಮ್ಯಾಲ ಮದುವಿ ನೋಟಿಸು ಅಂತ."

"ಸಿಟ್ಟು ಬರಲಿಲ್ಲೇನು ಅಪ್ಪಾ?"

"ಬಂತು. ಹರದು ಒಗೀಬೇಕಂತ ಕೈ ಎತ್ತಿದೆ. ಎರಡು ದಿನ ಕಳೆದ್ರ ಸಂಜೀವಗ ಕರಕೊಂಡು ಅಲ್ಲೇ ಬರಬೇಕಿತ್ತು. ಅವಗ ಓದಾಕ ಬರ್ತದ, ನನ್ನಂಗಲ್ಲ. ಅವನ ಕೈಯಾಗ ನಿನ್ನ ಕೊಡಾಕ ಮನಸ ಬರಲಿಲ್ಲ ನನಗ. ಏನ್ ನೆವ ಹೇಳ್ಲಿ ಅಂತ ಮಲಗದೇ ಕುಂತಿದ್ದೆ, ಅಷ್ಟರಾಗ ಸತೀಶನ ಕಾಗದ ಬಂತು. ಅದನ್ನೇ ಹಿಡಕೊಂಡು ಜೋರಿಂದ ಬೈದೆ. ಆದ್ರ ಸುಳ್ಳ ಬೈಲಿಲ್ಲವ್ವ. ಮಗಳು ಇತ್ತಾಗ, ಮಗ ಅತ್ತಾಗ. ಹೊಟ್ಟಿ ಉರದೇ ಬೈದೆ."

ಆಗ ನನ್ನಿಂದ ತಡೆಯಲಾಗಲಿಲ್ಲ. ನೀನು ಯಾಕೆ ಹಾಗೆ ಬರೆದೆ ಎಂದು ಎಲ್ಲವನ್ನೂ ಹೇಳಿದೆ. ಅಪ್ಪ "ಆಸೀಗೆ ಅಲ್ಲಾ?" ಎಂದು ಮತ್ತೆ ಮತ್ತೆ ಕೇಳಿದ. ಧೋತರದ ಚುಂಗಿನಿಂದ ಮುಖ ಮುಚ್ಚಿಕೊಂಡು ಕೂತ. ಕ್ಲಾಸಿನ ಗಂಟೆ ಹೊಡೆಯಿತು, ನಾನು ಏಳಲಿಲ್ಲ. ಕಡೆಗೆ, "ಕಾಗದ ಪೆನ್ನು ತಗೊಂಡು ಬಾ, ಸತೀಶಗ ಬರಿ" ಎಂದ. ಮನೆಗೆ ಬಾ ಎಂದು ನನಗೆ ಹೇಳಲಿಲ್ಲ. ನನ್ನ ಮನೆ ಎಲ್ಲಿದೆ ಎಂದೂ ಕೇಳಲಿಲ್ಲ. ನನ್ನ ಮುಖವನ್ನು ನೋಡದೆ, ರಸ್ತೆಯ ಕಡೆ ತಿರುಗಿಕೊಂಡು ಹೇಳಿದ. ಅವನು ಹೇಳಿದ ಹಾಗೇ ಕೆಳಗೆ ಬರೆದಿದ್ದೇನೆ:

"ಸತೀಶಾ, ಪ್ಲಾಟು ಹಂಗೇ ಅದ, ಅದರ ಮಾತು ಮುಗೀತು. ರಜಾ ಸಿಕ್ಕ ಕೂಡ್ಲೇ ಬಾ. ಬರೋವಾಗ ಹುಮನಾಬಾದದಾಗ ಇಳಿದು ನಿನ್ನ ತಂಗೀ ಮನೀಗೆ ಹೋಗು. ನನಗ ಈಗ ಹೋಗಾಕ ಆಗಂಗಿಲ್ಲ. ಎರಡು ದಿನ ಅಲ್ಲೇ ಉಂಡು ಇರು. ಆಕೀ ಹ್ಯಾಂಗ ಅದಾಳಂತ ನೋಡಿ ನನಗ ಬಂದು ಹೇಳು."